ಬಚ್ಚಲ ನೀರಿನ ಸೌತೆ ಬಳ್ಳಿಗೂ ಒಂದು ಚರಿತ್ರೆ

ಮಧುಗಿರಿ ಪೇಟೆಯ ಬೀಜದಂಗಡಿಯಲ್ಲಿ ಈಚೆಗೆ ಒಂದು ಬಣ್ಣದ ಪೊಟ್ಟಣ ಕಣ್ಣಿಗೆ ಬಿತ್ತು. ಮೇಲೆ ಉದ್ದನೆಯ ಸೌತೆಕಾಯಿಯ ಚಿತ್ರ, ಕೆಳಗೆ ‘ಬರ್ಪ್‌ಲೆಸ್’ ಎಂದು ಇಂಗ್ಲಿಷ್ ಅಕ್ಷರ. ತಿಂದರೆ ತೇಗು ಬರದ ಸೌತೆ ಎಂದು ಅರ್ಥ. ಅಂಗಡಿಯವರಿಗೆ ಅದನ್ನು ಬಿಡಿಸಿ ಹೇಳಿದರೆ ಅವರಿಗೂ ನಗು, ನಮಗೂ ನಗು. ಉಂಡೆದ್ದ ನೆಂಟರು ಒಂದು ತೇಗು ತೇಗದಿದ್ದರೆ ಸಾರು ಸೇರಲಿಲ್ಲವೇನೋ ಎಂದು ಮನೆಯವರು ಮುಖ ಸಣ್ಣ ಮಾಡಿಕೊಳ್ಳುವ ಸೀಮೆ ನಮ್ಮದು. ಇಲ್ಲಿ ತೇಗಿಲ್ಲದ ಸೌತೆ ಯಾರಿಗೆ ಬೇಕಿತ್ತು?

ಬೇಕೋ ಬೇಡವೋ, ಪೊಟ್ಟಣ ಕೊಂಡು ತಂದೆವು. ಬಿಡಿಸಿ ಎಣಿಸಿದರೆ ಒಳಗೆ ಇದ್ದದ್ದು 15 ಬೀಜ. ನಮ್ಮ ಅಜ್ಜಿ ಹಿತ್ತಲ ಗೋಡೆಗೆ ಬೂದಿಯಲ್ಲಿ ಕಲಸಿ ಬಡಿಯುತ್ತಿದ್ದ ಒಂದೇ ಒಂದು ಸೌತೆಹಣ್ಣಿನಲ್ಲಿ ಕೈತುಂಬ ಬೀಜ ಇರುತ್ತಿತ್ತು. ಅದಕ್ಕೆ ಯಾರೂ ದುಡ್ಡು ಕೊಟ್ಟದ್ದು ಕಂಡಿಲ್ಲ, ಯಾರೂ ಎಣಿಸಿದ್ದೂ ಕಂಡಿಲ್ಲ. ಕೈತುಂಬ ಇದ್ದದ್ದು 15ಕ್ಕೆ ಹೇಗೆ ಬಂತು ಎಂದು ಕೇಳಿಕೊಂಡು ಹೊರಟರೆ ದಾರಿ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕನ್ನೂ ಸುತ್ತಿಸಿತು.

ಮೊದಲು ಸೌತೆಯ ಊರು ಯಾವುದೆಂದು ಹೇಳಬೇಕು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಅಷ್ಟೇ ಏಕೆ, ಪಾವಗಡದವರು ತಮ್ಮದೇ ಎಂದುಕೊಂಡಿರುವ ಕಡಲೆಕಾಯಿ ಕೂಡ ಹಡಗು ಹತ್ತಿ ಅಮೆರಿಕ ಖಂಡದಿಂದ ಬಂದದ್ದು. ಸೌತೆ ಹಾಗಲ್ಲ, ಇಲ್ಲಿಂದ ಹೊರಗೆ ಹೋದದ್ದು. ಹಿಮಾಲಯದ ಬುಡದ ಕಾಡುಗಳಲ್ಲಿ ಅದರ ಕಾಡು ತಾಯಿ ಇವತ್ತಿಗೂ ಸಿಗುತ್ತದೆ. ಸಣ್ಣ ಕಾಯಿ, ಬಾಯಿಗಿಡಲಾಗದಷ್ಟು ಕಹಿ. ಸುಮಾರು 3,000 ವರ್ಷದ ಹಿಂದೆ ನಮ್ಮ ದೇಶದ ರೈತರು ಅದನ್ನು ಪಳಗಿಸಿದರು ಎಂದು ವಿಜ್ಞಾನಿಗಳ ಲೆಕ್ಕ. ಅಲ್ಲಿಂದ ಒಂದು ಕಡೆ ಚೀನಾಕ್ಕೂ ಇನ್ನೊಂದು ಕಡೆ ಪರ್ಷಿಯಾ, ಯುರೋಪಿಗೂ ಹೋಯಿತು. 1494ರಲ್ಲಿ ಕೊಲಂಬಸ್ ಹೈಟಿ ದ್ವೀಪದಲ್ಲಿ ಸೌತೆ ಹಾಕಿಸಿದ. 2013ರಲ್ಲಿ 115 ಸೌತೆ ತಳಿಗಳ ಡಿಎನ್ಎ ಓದಿ ಹೋಲಿಸಿದಾಗ ಎಲ್ಲಕ್ಕಿಂತ ಹೆಚ್ಚು ವೈವಿಧ್ಯ ಕಂಡದ್ದು ಭಾರತದ ಗುಂಪಿನಲ್ಲೇ.

ಮರುವರ್ಷ ಇನ್ನೊಂದು ಸಂಶೋಧನೆ ಬಂತು. ಸೌತೆಯ ಎಲೆಗೆ ಕಹಿ ತರುವ ಜೀನ್ ಸ್ವಿಚ್ಚೇ ಬೇರೆ, ಕಾಯಿಗೆ ಕಹಿ ತರುವ ಸ್ವಿಚ್ಚೇ ಬೇರೆ ಎಂದು ಅದರಲ್ಲಿ ಗೊತ್ತಾಯಿತು. ನಮ್ಮ ಪೂರ್ವಿಕರು ಮಾಡಿದ್ದು ಕಾಯಿಯ ಸ್ವಿಚ್ಚು ಆರಿಸಿದ ಕೆಲಸ. ಜೀನಿನ ಹೆಸರು ಗೊತ್ತಿಲ್ಲದೆಯೇ, ಬಾಯಲ್ಲಿ ಕಚ್ಚಿ ನೋಡಿ, ಸಿಹಿಯಾದದ್ದರ ಬೀಜ ಎತ್ತಿಟ್ಟು, ಕಹಿಯಾದದ್ದನ್ನು ದನಕ್ಕೆ ಹಾಕಿ ಮಾಡಿದ ಕೆಲಸ ಅದು. ಆದರೆ ಆ ಸ್ವಿಚ್ಚು ಪೂರ್ತಿ ಆರಿಲ್ಲ. ನೆಲ ಒಣಗಿ ಬಿಸಿಲು ಏರಿದರೆ ಬಳ್ಳಿ ಹಳೆಯ ಚಾಳಿ ನೆನಪು ಮಾಡಿಕೊಳ್ಳುತ್ತದೆ. ಕಹಿ ಮೊದಲು ಸೇರುವುದು ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ.

ತುದಿ ಕೊಯ್ದು, ಕೊಯ್ದ ಬಿಲ್ಲೆಯಿಂದಲೇ ಗರಗರ ತಿಕ್ಕಿ, ಬಿಳಿ ನೊರೆ ತೆಗೆದು ಬಿಸಾಡುವುದು ಎಲ್ಲರ ಮನೆಯ ಪದ್ಧತಿ. ತಿಕ್ಕಿದ ಮಾತ್ರಕ್ಕೆ ಒಳಗಿನ ಕಹಿ ಹೊರಗೆ ಬರುವುದಿಲ್ಲ, ಕಹಿ ಹೆಚ್ಚಿರುವ ತೊಟ್ಟಿನ ತುಂಡು ಹೋಗುತ್ತದೆ ಅಷ್ಟೇ. ಹಾಗೆಂದು ಅಜ್ಜಿಯ ಮುಂದೆ ಹೇಳುವ ಧೈರ್ಯ ನಮಗೆ ಇರಲಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ತುದಿ ತೆಗೆದ ಮೇಲೂ ನಾಲಿಗೆ ಸುಡುವಷ್ಟು ಕಹಿ ಇದ್ದರೆ ಸೌತೆಯಾಗಲಿ ಸೋರೆಯಾಗಲಿ ತಿನ್ನಬಾರದು. ವಾಂತಿ ಭೇದಿ ಹಿಡಿದು ಆಸ್ಪತ್ರೆ ಸೇರಿದವರಿದ್ದಾರೆ.

ಪೊಟ್ಟಣದ ಮೇಲಿನ ಹೆಸರಿನ ಕಥೆಯೂ ಇದೇ ಕಹಿಯ ಸುತ್ತಲಿನದು. ಸೌತೆ ತಿಂದರೆ ಹೊಟ್ಟೆ ಉಬ್ಬಿ ತೇಗು ಬರುತ್ತದೆ ಎಂದು ದೂರುವವರಿಗಾಗಿ ಹೊರದೇಶದ ಬೀಜದವರು ಏಷ್ಯಾದ ಉದ್ದ ಸೌತೆಗಳನ್ನು ತಂದು, ತೆಳು ಸಿಪ್ಪೆ, ಕಡಿಮೆ ಬೀಜ, ಕಡಿಮೆ ಕಹಿ ಎಂದು ಹೇಳಿ ಮಾರಿದರು. ನಮ್ಮಲ್ಲೂ ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ‘ಜಪಾನೀಸ್ ಲಾಂಗ್ ಗ್ರೀನ್’ ಎಂಬ ಹಳೆಯ ಹೆಸರೊಂದಿದೆ. ಅದೂ ಆ ಉದ್ದ ಸೌತೆಗಳ ಜಾತಿಯದೇ.

ಬಳ್ಳಿಗೆ ನೀರು ಸಾಲದಿದ್ದರೆ ಕಾಯಿ ಕಹಿ. ಹಾಗಾಗಿ ನಮ್ಮ ನಾಲ್ಕು ತಾಲ್ಲೂಕಿನ ಸೌತೆಯ ಚರಿತ್ರೆ ಹುಡುಕಬೇಕಾದರೆ ನೀರಿನ ಚರಿತ್ರೆಗೇ ಹೋಗಬೇಕು.

ಬಿ. ಎಲ್. ರೈಸ್ ಎಂಬ ಇಂಗ್ಲಿಷ್ ವಿದ್ವಾಂಸರ ಹೆಸರು ಶಾಸನಗಳ ಕಾರಣಕ್ಕೆ ಎಲ್ಲರಿಗೂ ಗೊತ್ತು. ಅವರು ಬರೆದ ಮೈಸೂರು ಗೆಜೆಟಿಯರ್‌ನಲ್ಲಿ (ಪರಿಷ್ಕೃತ ಮುದ್ರಣ 1897) ತುಮಕೂರು ಜಿಲ್ಲೆಯ ಭಾಗದಲ್ಲಿ ತಲಪರಿಗೆಗಳ ಮಾತು ಬರುತ್ತದೆ. ಮಧುಗಿರಿಯನ್ನು ಆಗ ಮದ್ದಗಿರಿ ಎಂದು ಬರೆಯುತ್ತಿದ್ದರು. ಕೊರಟಗೆರೆ, ಸಿರಾ, ಪಾವಗಡದ ಈ ಕಡೆಯೆಲ್ಲ ತಲಪರಿಗೆಯ ಸೀಮೆ. ಮಧುಗಿರಿಯ ದಕ್ಷಿಣಕ್ಕೆ ಮರಳು ನೆಲದಲ್ಲಿ ಅಲ್ಲಲ್ಲಿ ತೋಡಿದರೆ ಸಾಕು, ಊಟೆ ನೀರು ಮೇಲಕ್ಕೇ ಬರುತ್ತಿತ್ತು. ಉತ್ತರಕ್ಕೆ ಹೋದಂತೆ ಆಳ ಹೆಚ್ಚು. ಪಾವಗಡದಲ್ಲಿ ಮೆದು ಬಂಡೆ ಕಡಿದ ಮೇಲೆ ನೀರು. ಊಟೆ ಜೋರಾಗಿದ್ದರೆ ಸಣ್ಣ ಕಾಲುವೆ ಮಾಡಿ ಹೊಲಕ್ಕೆ ಹರಿಸುವುದು, ಇಲ್ಲದಿದ್ದರೆ ಬಾವಿ ಕಟ್ಟಿ ಕಪಿಲೆ ಹೊಡೆಯುವುದು.

ಇದನ್ನು ಓದಿದಾಗ ನಮಗೆ ಒಂದು ಕ್ಷಣ ಯಾವುದೋ ಬೇರೆ ಜಿಲ್ಲೆಯ ವಿಷಯ ಅನ್ನಿಸಿತು. ಸಾವಿರ ಅಡಿ ಕೊರೆದರೂ ದೂಳು ಬರುವ ಊರಿನಲ್ಲಿ ಬೆಳೆದವರು ನಾವು. ಆದರೆ ನಮ್ಮ ಊರಿನ ಹಿರಿಯರನ್ನು ಕೇಳಿದರೆ ಹಳ್ಳದ ಮಗ್ಗುಲಲ್ಲಿ ಗಿಡಗಂಟೆ ಮುಚ್ಚಿದ ಗುಂಡಿಯೊಂದರ ಕಡೆ ಕೈ ತೋರಿಸುತ್ತಾರೆ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಅದರ ಹೂಳು ತೆಗೆಯುತ್ತಿದ್ದರಂತೆ. ಯಾರ ಹೊಲಕ್ಕೆ ಯಾವ ಹೊತ್ತು ನೀರು ಎಂದು ಸರದಿ ಇತ್ತಂತೆ.

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾಯ್ದು ಆಂಧ್ರದಲ್ಲಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿಯ ದಂಡೆಯೆಲ್ಲ ಮರಳು ಮಿಶ್ರಿತ ನೆಲ. ಮೇಲೆ ಬಿಸಿಲು, ಬುಡದಲ್ಲಿ ತೇವ, ನೀರು ನಿಲ್ಲದ ಮಣ್ಣು: ಸೌತೆ, ಕರ್ಬೂಜ, ಕೆಕ್ಕರಿಕೆ ಇವೆಲ್ಲ ಕೇಳುವುದು ಇಷ್ಟನ್ನೇ. ಯಮುನಾ, ಗಂಗಾ ನದಿಗಳ ಮರಳಿನಲ್ಲಿ ಬೇಸಗೆಯಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ ಇವುಗಳನ್ನೇ ಇಂದಿಗೂ ಬೆಳೆಯುತ್ತಾರೆ. ನಮ್ಮ ಹಳ್ಳಗಳ ಮರಳು ಲಾರಿ ಹತ್ತಿ ಬೆಂಗಳೂರಿನ ಗೋಡೆಗಳಾಗಿದೆ. ಮರಳು ಹೋದ ಮೇಲೆ ಅದು ಹಿಡಿದಿಟ್ಟಿದ್ದ ನೀರೂ ಹೋಯಿತು.

ಸಿರಾದ ತೋಟದ ಮಾತು ಹೇಳದಿದ್ದರೆ ಸಿರಾದವರು ಬೇಸರ ಮಾಡಿಕೊಳ್ಳುತ್ತಾರೆ. 1687ರಲ್ಲಿ ಮೊಘಲರು ಸಿರಾವನ್ನು ಹಿಡಿದು ಸುಬಾದ ರಾಜಧಾನಿ ಮಾಡಿದರು. ಮುಂದೆ ದಿಲಾವರ್ ಖಾನನ ಕಾಲದಲ್ಲಿ ಸಿರಾ ಉಚ್ಛ್ರಾಯಕ್ಕೆ ಬಂತು. ಅಲ್ಲಿನ ಖಾನ್ ಬಾಗ್ ನೋಡಿಯೇ ಹೈದರಾಲಿಗೆ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಮಾಡಿಸುವ ಯೋಚನೆ ಬಂತೆಂದು ಹೇಳುತ್ತಾರೆ. ಲಾಲ್‌ಬಾಗಿಗೆ ಟಿಕೆಟ್ ತೆಗೆದು ಹೋಗುವ ನಮ್ಮ ಜನಕ್ಕೆ ಅದರ ಬೇರು ಸಿರಾದಲ್ಲಿದೆ ಎಂದು ಗೊತ್ತಿಲ್ಲ. ಖಾನರ ತೋಟಕ್ಕೆ ಪುಸ್ತಕದಲ್ಲಿ ಜಾಗ ಸಿಕ್ಕಿತು, ಸರಿ. ಅದೇ ಊರಿನ ಹಿತ್ತಲುಗಳಲ್ಲಿ ಹೆಂಗಸರು ಬೆಳೆದದ್ದಕ್ಕೆ ಗೆಜೆಟಿಯರ್ ಬರೆಯುವವರು ಯಾರು?

ಹಿತ್ತಲು ಎಂದರೆ ಈಗಿನ ಮಕ್ಕಳಿಗೆ ವಿವರಿಸಬೇಕಾಗಿದೆ. ಬಚ್ಚಲಿನಿಂದ ಹೊರಗೆ ಬರುವ ನೀರಿನ ದಾರಿ, ಅದರ ಪಕ್ಕಕ್ಕೆ ಒಂದು ಬಾಳೆ, ಒಂದು ನುಗ್ಗೆ, ಕೆಸುವಿನ ಎಲೆ, ಜಾಲಿ ಮುಳ್ಳಿನ ಬೇಲಿಯ ಮೇಲೆ ಹಬ್ಬಿದ ಸೌತೆ, ಹೀರೆ, ಅವರೆ. ಹೊಲಕ್ಕೆ ನೀರಿಲ್ಲದ ವರ್ಷವೂ ಬಚ್ಚಲಿಗೆ ಒಂದಿಷ್ಟು ನೀರು ಇರುತ್ತಿತ್ತು. ಮನೆಮಂದಿ ಮೈ ತೊಳೆದ ನೀರೇ ಎರಡನೇ ಸಲ ಬಳ್ಳಿಗೆ. ಆಗ ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ. ಆ ನೀರು ಕುಡಿದು ಬಳ್ಳಿ ಸಾಯುತ್ತಿರಲಿಲ್ಲ.

ಅಜ್ಜಿ ಯುಗಾದಿ ಕಳೆದು ಒಂದು ಹದ ಮಳೆ ಬಿದ್ದ ಮೇಲೆ ಗುಂಡಿಗೆ ಮೂರು ಮೂರು ಬೀಜ ಊರುತ್ತಿದ್ದರು. ಎಳೆಯ ಎಲೆಗೆ ಕೆಂಪು ದುಂಬಿ ಬೀಳದಂತೆ ಬೆಳಗಿನ ಇಬ್ಬನಿಯಲ್ಲಿ ಒಲೆ ಬೂದಿ ಉದುರಿಸುವುದು. ನಲವತ್ತು ನಲವತ್ತೈದು ದಿನಕ್ಕೆ ಮೊದಲ ಕಾಯಿ. ಮೊದಲು ಬರುವ ಹೂವೆಲ್ಲ ಗಂಡು ಹೂವು, ಉದುರಿಹೋಗುತ್ತವೆ. ಸೊಸೆಯಂದಿರು ‘ಹೂವೆಲ್ಲ ಬಿದ್ದೋಯ್ತು ಅತ್ತೆ’ ಎಂದು ಗಾಬರಿಯಾದರೆ ಅಜ್ಜಿ ಕೇಳಿಸದವರ ಹಾಗೆ ಇರುತ್ತಿದ್ದರು. ಹೂವಿನ ಹಿಂದೆ ಬೆರಳ ತುದಿಯಷ್ಟು ಕಾಯಿ ಹೊತ್ತು ಬರುವ ಹೆಣ್ಣು ಹೂವು ವಾರ ಬಿಟ್ಟು ಬರುತ್ತದೆಂದು ಅವರಿಗೆ ಗೊತ್ತು.

ಎಳೆಕಾಯಿಯನ್ನು ಉದ್ದಕ್ಕೆ ಸೀಳಿ ಉಪ್ಪು ಖಾರ ಸವರಿ ಮಕ್ಕಳ ಕೈಗೆ. ನಡುವಯಸ್ಸಿನ ಕಾಯಿ ಮೊಸರು ಬಜ್ಜಿಗೆ, ಹುಚ್ಚೆಳ್ಳು ಪುಡಿ ಹಾಕಿದ ಪಚ್ಚಡಿಗೆ. ರಾಮನವಮಿಗೆ ಹೆಸರುಬೇಳೆ ಕೋಸಂಬರಿ, ಪಕ್ಕದಲ್ಲಿ ಪಾನಕ, ನೀರುಮಜ್ಜಿಗೆ. ಬಲಿತದ್ದು ಹುಳಿಗೆ. ಬಳ್ಳಿಯ ಬುಡಕ್ಕೆ ಹತ್ತಿರದ ಒಂದು ಒಳ್ಳೆಯ ಕಾಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದು ಹಳದಿಯಾಗಿ, ಕಂದಾಗಿ, ಮೈಯೆಲ್ಲ ಬಲೆ ಬಿದ್ದ ಹಾಗಾದ ಮೇಲೆ ಕೊಯ್ದು, ಬೀಜ ಬೂದಿಯಲ್ಲಿ ಕಲಸಿ ಗೋಡೆಗೆ. ಅತ್ತೆಯಂದಿರು ತವರಿಗೆ ಬಂದು ಹೋಗುವಾಗ ಸೆರಗಿನ ತುದಿಯಲ್ಲಿ ಆ ಬೀಜ ಕಟ್ಟಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯ ಸೌತೆ ಕೊರಟಗೆರೆ ಸೀಮೆಗೂ ಪಾವಗಡಕ್ಕೂ ಹೋದದ್ದು ಹಾಗೆ.

ಅಜ್ಜಿ ಹೇಳುತ್ತಿದ್ದ ಒಂದು ಮಾತು ಮಾತ್ರ ತಪ್ಪು. ಹಾಗಲ ಬಳ್ಳಿ ಪಕ್ಕದಲ್ಲಿದ್ದರೆ ಸೌತೆ ಕಹಿಯಾಗುತ್ತದೆ ಎಂದು ಅವರು ನಂಬಿದ್ದರು. ಹಾಗಲಕ್ಕೂ ಸೌತೆಗೂ ಕೂಡಿಕೆ ಆಗುವುದಿಲ್ಲ. ಕೆಕ್ಕರಿಕೆಗೂ ಸೌತೆಗೂ ಆಗುವುದಿಲ್ಲ, ವರ್ಣತಂತುಗಳ ಲೆಕ್ಕವೇ ಬೇರೆ. ಸೌತೆಗೆ ಕೂಡುವುದು ಸೌತೆ ಮಾತ್ರ. ಈ ವಿಷಯ ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತದೆ, ನೆನಪಿರಲಿ.

ನಾವು ಶಾಲೆಗೆ ಹೋಗುವ ಹೊತ್ತಿಗೆ ಕಪಿಲೆ ಬಾವಿಗಳಲ್ಲಿ ಪಾರಿವಾಳ ಗೂಡು ಕಟ್ಟಿದ್ದವು. ಬೋರ್‌ವೆಲ್ ಬಂದು ಬಾವಿ ಬತ್ತಿತು, ಮುಂದಿನ ಬೋರ್ ಹಿಂದಿನ ಬೋರನ್ನು ಬತ್ತಿಸಿತು. ಇದು ಎಲ್ಲರ ಮನೆಯ ಕಥೆಯಾದ್ದರಿಂದ ಬೆಳೆಸುವುದಿಲ್ಲ. ಬೋರಿನ ಸಾಲ ತೀರಬೇಕೆಂದರೆ ದುಡ್ಡಿನ ಬೆಳೆ ಬೇಕು. ಆಗ ಜೀಪಿನಲ್ಲಿ ಬಂದದ್ದು ಮಿಡಿಸೌತೆ.

ಗರ್ಕಿನ್ ಎಂದು ಕಂಪನಿಯವರು ಕರೆಯುವ ಮಿಡಿಸೌತೆ ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ, ಅದೂ ಮೊದಲು ಕರ್ನಾಟಕಕ್ಕೆ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಪೂರ್ತಿ ಒಪ್ಪಂದದ ಬೇಸಾಯ. ಬೀಜ, ಗೊಬ್ಬರ, ಔಷಧಿ ಕಂಪನಿಯದು, ನೆಲ, ನೀರು, ಬೆನ್ನು ನಮ್ಮದು. ಎಳೆಯ ಮಿಡಿ ಕೊಯ್ದು ಕೊಟ್ಟರೆ ಉಪ್ಪುನೀರು, ವಿನೆಗರ್ ತುಂಬಿದ ಡ್ರಮ್ಮಿನಲ್ಲಿ ಹಡಗು ಹತ್ತುತ್ತದೆ. ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾದವರು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ. 2022ರ ಜನವರಿಯಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಕೊಟ್ಟ ಲೆಕ್ಕದ ಪ್ರಕಾರ ಮಿಡಿಸೌತೆ ರಫ್ತಿನಲ್ಲಿ ಭಾರತ ಜಗತ್ತಿಗೇ ಮೊದಲು. 2020–21ರಲ್ಲಿ ಹೋದದ್ದು 2,23,515 ಟನ್. ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಬೆಳೆಯುತ್ತಾರೆ. 90 ದಿನದ ಬೆಳೆ, ಎಕರೆಗೆ 4 ಟನ್, ಕೈಗೆ 80,000 ರೂಪಾಯಿ, ಖರ್ಚು ಕಳೆದು 40,000.

ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ಮಿಡಿಸೌತೆಯಲ್ಲಿ ಮಗಳ ಮದುವೆ ಮಾಡಿದವರನ್ನು ಕಂಡಿದ್ದೇವೆ. ನಮ್ಮ ಮನೆಯ ಲೆಕ್ಕ ಮಾತ್ರ ಹಾಗೆ ಬರಲಿಲ್ಲ. ಮಿಡಿ ಸಣ್ಣದಿದ್ದಷ್ಟೂ ರೇಟು ಹೆಚ್ಚು, ಕೆಜಿಗೆ ಎಷ್ಟು ಕಾಯಿ ತೂಗುತ್ತದೆ ಎನ್ನುವುದರ ಮೇಲೆ ಗ್ರೇಡು. ಒಂದು ದಿನ ಕೊಯ್ಯುವುದು ತಪ್ಪಿದರೆ ಮಿಡಿ ರಾತ್ರೋರಾತ್ರಿ ದಪ್ಪಗಾಗಿ ಕೊನೆಯ ಗ್ರೇಡಿಗೆ ಇಳಿಯುತ್ತದೆ. ಹಾಗಾಗಿ ಹಬ್ಬವಿರಲಿ ಸಾವಿರಲಿ ಬೆಳಗಿನ ಜಾವಕ್ಕೆ ಎಲ್ಲರೂ ಸಾಲಿನಲ್ಲಿ ಬಗ್ಗಿರಬೇಕು. ಬಳ್ಳಿಯ ಸುಂಕಿನಿಂದ ಕೈಯೆಲ್ಲ ತುರಿಕೆ. ನಾವು ಮೊದಲನೇ ಪೀರಿಯಡ್ಡಿಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತದ್ದಕ್ಕೆ ಮಿಡಿಸೌತೆಯೇ ಕಾರಣ. ಎರಡನೇ ಬೆಳೆಯಲ್ಲಿ ಒಂದು ದಿನ ಗಾಡಿ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಮೂರನೇ ದಿನ ಬಂದವರು ಕಾಯಿ ದಪ್ಪ ಎಂದು ಹಿಂದಕ್ಕೆ ಹಾಕಿದರು. ಅಪ್ಪ ಅವನ್ನು ಹಸುವಿನ ಮುಂದೆ ಸುರಿದರು. ಹಸುವೂ ಒಂದು ಹೊತ್ತಿನ ಮೇಲೆ ಮುಖ ತಿರುಗಿಸಿತು.

ಆ 90 ದಿನದಲ್ಲಿ ನಮ್ಮ ಮನೆಯ ಕೋಸಂಬರಿಗೆ ಹೊಲದ ಸೌತೆ ಬಂದದ್ದೇ ಇಲ್ಲ. ಔಷಧಿ ಹೊಡೆದದ್ದು ಎಂದು ಅಮ್ಮ ಒಳಗೆ ಬಿಡಲಿಲ್ಲ. ಮನೆಗೆ ಹಿತ್ತಲ ಬಳ್ಳಿಯದೇ ಆಗಬೇಕು. ಒಂದೇ ಮನೆಯಲ್ಲಿ ಎರಡು ಸೌತೆ, ಒಂದು ನಾವು ಬೆಳೆದು ತಿನ್ನದ್ದು, ಇನ್ನೊಂದು ನಾವು ತಿಂದು ಮಾರದ್ದು.

ಅಡಗಿದ್ದ ನಷ್ಟ ಗೊತ್ತಾದದ್ದು ಬಹಳ ತಡವಾಗಿ. ಸೌತೆಗೆ ಸೌತೆ ಕೂಡುತ್ತದೆ ಎಂದೆವಲ್ಲ. ಈ ಮಿಡಿಸೌತೆ ಬೇರೆ ಜಾತಿಯಲ್ಲ, ಹಿತ್ತಲ ಸೌತೆಯ ಖಾಸಾ ದಾಯಾದಿ. ಹೈಬ್ರಿಡ್ ಬೀಜ, ಜೇನು ಬಂದು ಕೂತರೇ ಮಿಡಿ ಕಟ್ಟುವ ತಳಿಗಳೂ ಅದರಲ್ಲಿವೆ. ಅದೇ ಜೇನು ಎದ್ದು ಬೇಲಿ ದಾಟಿ ಅಜ್ಜಿಯ ಬಳ್ಳಿಯ ಹೂವಿಗೆ ಬರುತ್ತದೆ. ಆ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ, ಒಳಗಿನ ಬೀಜ ಬದಲಾಗುತ್ತದೆ. ಬೀಜಕ್ಕೆಂದು ಸೌತೆ ಬೆಳೆಯುವವರು ಇನ್ನೊಂದು ಸೌತೆ ಅರ್ಧ ಕಿಲೋಮೀಟರಿನಿಂದ ಒಂದು ಕಿಲೋಮೀಟರ್ ದೂರವಾದರೂ ಇರುವಂತೆ ನೋಡಿಕೊಳ್ಳಬೇಕು. ನಮ್ಮ ಹಿತ್ತಲಿಗೂ ಹೊಲಕ್ಕೂ ನಡುವೆ ಇದ್ದದ್ದು ಒಂದು ಗಾಡಿ ದಾರಿ. ಎರಡು ಮೂರು ವರ್ಷ ಕಳೆದ ಮೇಲೆ ಅಜ್ಜಿ ‘ನನ್ ಬೀಜ ಕುಲಗೆಟ್ಟೋಯ್ತು ಕಣ್ರೋ, ಕಾಯಿ ಮೊಟಕಾಯ್ತು’ ಎಂದು ಗೊಣಗಿದರೆ ವಯಸ್ಸಾಯಿತು ಎಂದು ನಾವೆಲ್ಲ ನಕ್ಕಿದ್ದೆವು. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, ಊರೂರು ಅಲೆದು ಸುದ್ದಿ ಬರೆದು, ಇಷ್ಟು ವರ್ಷದ ಮೇಲೆ ನಮಗೆ ತಿಳಿದದ್ದು ಅಜ್ಜಿಗೆ ಆಗಲೇ ಬಾಯಿ ರುಚಿಯಲ್ಲಿ ಗೊತ್ತಾಗಿತ್ತು.

ಪಾವಗಡದ ಕಡೆ ಬದಲಾವಣೆ ಇನ್ನೊಂದು ಥರ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಯಿತು, 2,050 ಮೆಗಾವಾಟ್. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಳ್ಳುವುದಕ್ಕಿಂತ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಶುರುವಾದ ಗುತ್ತಿಗೆ ಹಣ ವಾಸಿ ಎಂದವರನ್ನು ತಪ್ಪು ಎನ್ನಲಾಗದು. ಆದರೆ ಹೊಲ ಹೋದರೆ ಬದು ಹೋಗುತ್ತದೆ, ಬದುವಿನ ಮೇಲಿನ ಬಳ್ಳಿಯೂ ಹೋಗುತ್ತದೆ. ಆ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್. ಜನ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತಾರೆ. ಹಾಗೆ ತಂದ ನೀರನ್ನು ಸೌತೆಗೆ ಹಾಕುವವರು ಯಾರು?

ಹಿತ್ತಲುಗಳೂ ಸಿಮೆಂಟಾದವು. ಬಚ್ಚಲ ನೀರು ಪೈಪಿನಲ್ಲಿ ಚರಂಡಿಗೆ. ಚರಂಡಿ ಇಲ್ಲದ ಕಡೆಯೂ ಆ ನೀರು ಈಗ ಸೋಪಿನ ಪುಡಿಯ ನೀರು. ನಮ್ಮ ಮನೆಯಲ್ಲಿ ಈ ಸಲ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನಷ್ಟೇ ಒಂದು ಹಳೆಯ ಬಣ್ಣದ ಬಕೆಟ್ಟಿಗೆ ಎತ್ತಿಟ್ಟೆವು. ದಿನಕ್ಕೆ ಎರಡು ಬಕೆಟ್ ಆಗುತ್ತದೆ. ನಾಲ್ಕು ಗುಂಡಿ ಸೌತೆಗೆ ಅಷ್ಟು ಸಾಕು, ಬುಡಕ್ಕೆ ಒಣಹುಲ್ಲು ಮುಚ್ಚಿದರೆ ಮಾತ್ರ. ಒಂದು ದಿನ ತುಂಬಿ ಸುರಿದು ಮೂರು ದಿನ ಮರೆತರೆ ಕಾಯಿ ಕಹಿ. ಇದನ್ನು ಒಂದು ಬಳ್ಳಿ ಕೆಡಿಸಿಕೊಂಡೇ ಕಲಿತೆವು.

ಪೊಟ್ಟಣದ 15ರಲ್ಲಿ 11 ಮೊಳೆತವು. ಕಾಯಿ ಉದ್ದ, ಸಿಪ್ಪೆ ತೆಳು, ತೊಟ್ಟಿನವರೆಗೂ ಕಹಿಯಿಲ್ಲ, ಚೆನ್ನಾಗಿಯೇ ಇತ್ತು. ನಮ್ಮ ಸೋದರಮಾವ ಎರಡು ಕಾಯಿ ತಿಂದು, ಮುದ್ದೆ ಉಂಡು, ಜಗಲಿಯ ಮೇಲೆ ಕೂತು ಬೀದಿಗೆ ಕೇಳುವಂತೆ ತೇಗಿದರು. ತಪ್ಪು ಸೌತೆಯದೋ ಮುದ್ದೆಯದೋ ತೀರ್ಮಾನವಾಗಿಲ್ಲ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟರೂ ಮುಂದಿನ ವರ್ಷ ಅದೇ ಕಾಯಿ ಬರುವುದಿಲ್ಲ.

ಬೇಲಿಯ ಇನ್ನೊಂದು ತುದಿಯಲ್ಲಿ ಎರಡು ಬಳ್ಳಿ ಬೇರೆ ಇವೆ. ಕೊರಟಗೆರೆ ಕಡೆ ಕೊಟ್ಟಿರುವ ಹಿರಿಯ ಅತ್ತೆಯ ಮನೆಯಲ್ಲಿ, ಮಡಕೆಯೊಳಗೆ, ಬಟ್ಟೆಗಂಟಿನಲ್ಲಿ ಸಿಕ್ಕ ಬೀಜ ಅವು. ಅವರ ಊರಿಗೆ ಮಿಡಿಸೌತೆ ಬಂದಿರಲಿಲ್ಲ. ಎಂಟು ಊರಿದ್ದಕ್ಕೆ ಎರಡು ಮೊಳೆತವು. ಕಾಯಿ ಗಿಡ್ಡ, ಮೈಮೇಲೆ ಕರಿ ಮುಳ್ಳು, ತೊಟ್ಟಿನ ಹತ್ತಿರ ಒಂದೆಳೆ ಕಹಿ. ಬಾಯಿಗಿಟ್ಟ ಅಮ್ಮ ‘ಇದೇ ಕಣೋ’ ಎಂದರು.

ಆದರೆ ಗಾಡಿ ದಾರಿಯ ಆಚೆ, ಈಗ ಬೇರೆಯವರ ಹೊಲದಲ್ಲಿ, ಮಿಡಿಸೌತೆ ಹೂವಿಗೆ ಬಂದಿದೆ. ಅವರ ಬೆಳೆ, ಅವರ ಸಾಲ, ಬೇಡ ಎನ್ನಲು ನಾವು ಯಾರು? ಅದಕ್ಕೆ ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ, ನಾಳೆ ಅರಳುವ ಹೆಣ್ಣು ಮೊಗ್ಗು ಹುಡುಕಿ ತುದಿಗೆ ಹೂ ಕಟ್ಟುವ ದಾರ ಬಿಗಿಯುತ್ತೇವೆ, ಜೇನು ಒಳಗೆ ಹೋಗದ ಹಾಗೆ. ಗಂಡು ಮೊಗ್ಗಿಗೂ ಹಾಗೆಯೇ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಎರಡನ್ನೂ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಿಕ್ಕಿ, ಮತ್ತೆ ದಾರ ಕಟ್ಟುವುದು. ಏಳು ಹೂವಿಗೆ ಮಾಡಿದೆವು. ನಾಲ್ಕು ಉದುರಿದವು. ಮೂರು ಕಾಯಿ ನಿಂತಿವೆ, ತೊಟ್ಟಿಗೆ ಕೆಂಪು ದಾರ ಇದೆ. ಮನೆಗೆ ಬಂದ ಮಕ್ಕಳಿಗೆಲ್ಲ ಅಮ್ಮ ಮೊದಲು ಹೇಳುವುದು, ಕೆಂಪು ದಾರದ್ದು ಮುಟ್ಟಬೇಡಿ.